ನದಿಯಾಚೆಯ ಭಯ: ರಾಯಚೂರು, ದೇವದುರ್ಗ, ಮಾನ್ವಿ

ರಾಯಚೂರು ಕೋಟೆಯ ಪಶ್ಚಿಮದ ಗೋಡೆಯಲ್ಲಿ ನಲವತ್ತು ಅಡಿಗೂ ಮಿಕ್ಕಿ ಉದ್ದವಾದ ಒಂದೇ ಕಲ್ಲು ಇದೆ. ಕಾಕತೀಯರ ಗೋರೆ ಗಂಗಯ್ಯ ರೆಡ್ಡಿಯ ಸೇನಾನಿ ವಿಠ್ಠಲನಾಥ 1294ರಲ್ಲಿ ಕೋಟೆಯನ್ನು ಕಟ್ಟಿಸಿದನೆಂದು ಅದರ ಮೇಲಿನ ಶಾಸನ ಹೇಳಿದರೆ, ಆ ಬಂಡೆಯನ್ನು ಸಾಲುಸಾಲಾಗಿ ಜಾನುವಾರು ಹೂಡಿದ ಬಂಡಿಯಲ್ಲಿ ಎಳೆದು ತಂದ ಬಗೆಯನ್ನು ಹತ್ತಿರದಲ್ಲೇ ಕೊರೆದ ರೇಖಾಚಿತ್ರ ತೋರಿಸುತ್ತದೆ. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಈ ಸೀಮೆಗಾಗಿ, ಅಂದರೆ ಇತಿಹಾಸಕಾರರು ರಾಯಚೂರು ದೋಆಬ್ ಎಂದು ಕರೆಯುವ ಎಡೆದೊರೆ ನಾಡಿಗಾಗಿ, ನಡೆದ ಯುದ್ಧಗಳಲ್ಲಿ 1520ರದು ಹೆಸರಾದದ್ದು. ವಿಜಯನಗರದ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿದ ಆ ಯುದ್ಧದಲ್ಲಿ ಫಿರಂಗಿ ಮತ್ತು ಕೋವಿಗಳೆಂಬ ಹೊಸ ಅಸ್ತ್ರಗಳು ಎರಡೂ ಕಡೆ ಇದ್ದವು. ಆದರೆ ಒಂದು ರಾಜ್ಯದಿಂದ ನೆರೆಯವರಿಗೆ ಎಷ್ಟು ಅಪಾಯವಿದೆ ಎಂಬ ಪ್ರಶ್ನೆ ಸಾರ್ವಜನಿಕ ಚರ್ಚೆಯಾದದ್ದು ಇಲ್ಲಿ ಬಹಳ ತಡವಾಗಿ, 1947 ಮತ್ತು 1948ರಲ್ಲಿ.

ಆಗ ರಾಯಚೂರು ಹೈದರಾಬಾದ್ ಸಂಸ್ಥಾನದ ಜಿಲ್ಲೆಯಾಗಿತ್ತು. ಸುತ್ತಲೂ ಭಾರತವೇ ಇದ್ದು, ಸಮುದ್ರದ ದಾರಿಯಿಲ್ಲದ ಆ ಸಂಸ್ಥಾನ 1947ರ ನವೆಂಬರ್ 29ರಂದು ಭಾರತದೊಂದಿಗೆ ಯಥಾಸ್ಥಿತಿ ಒಪ್ಪಂದಕ್ಕೆ, ಎಂದರೆ ಒಂದು ವರ್ಷದ ಮಟ್ಟಿಗೆ ಹಳೆಯ ವ್ಯವಸ್ಥೆಯನ್ನೇ ಮುಂದುವರಿಸುವ ಕರಾರಿಗೆ, ಸಹಿ ಹಾಕಿತು. ಆಸ್ಟ್ರೇಲಿಯಾದ ವಿಮಾನಚಾಲಕ ಸಿಡ್ನಿ ಕಾಟನ್ ಕರಾಚಿಯಿಂದ ಗುಟ್ಟಾಗಿ ಶಸ್ತ್ರಾಸ್ತ್ರ ತಂದಿಳಿಸತೊಡಗಿದ ಮೇಲೆ, ನಿಜಾಮನ ಪರವಾದ ಅರೆಸೇನೆ ರಜಾಕಾರರ ನಾಯಕ ಕಾಸಿಂ ರಜ್ವಿ ತನ್ನವರ ಸಂಖ್ಯೆಯನ್ನು ಸಾರುತ್ತ ಉಗ್ರ ಭಾಷಣಗಳನ್ನು ಮಾಡಿದ ಮೇಲೆ, ದೆಹಲಿಯಲ್ಲಿ ಭಯವೂ ಒತ್ತಡವೂ ಏರಿದವು. ಲಂಡನ್ನಿನ ಸಂಸತ್ತಿನಲ್ಲಿ ಚರ್ಚಿಲ್ ಹೈದರಾಬಾದಿನ ಪರ ವಾದಿಸಿದರು. ಸಂಸ್ಥಾನವು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಒಯ್ದಿತು. 1948ರ ಸೆಪ್ಟೆಂಬರ್ 13ರಂದು ಆರಂಭವಾದ ಭಾರತದ ಸೇನಾ ಕಾರ್ಯಾಚರಣೆ 17ರ ಹೊತ್ತಿಗೆ ಮುಗಿಯಿತು. ಐದೇ ದಿನಗಳಲ್ಲಿ ಶರಣಾದ ಸಂಸ್ಥಾನದ ಸೇನೆಯಿಂದ ಭಾರತಕ್ಕಿದ್ದ ಅಪಾಯವನ್ನು ಹಿಗ್ಗಿಸಿ ಹೇಳಲಾಗಿತ್ತೆಂಬುದು ಸ್ಪಷ್ಟ. ಆದರೆ ರಜಾಕಾರರಿಂದ ಹಳ್ಳಿಗಳ ಜನರಿಗಿದ್ದ ಅಪಾಯ ನಿಜವಾದದ್ದು, ಅದನ್ನು ಯಾರೂ ಕಡೆಗಣಿಸುವಂತಿಲ್ಲ.

ರಾಯಚೂರಿನಿಂದ ಗಬ್ಬೂರಿನ ಹಳೆಯ ಗುಡಿಗಳನ್ನು ದಾಟಿ ದೇವದುರ್ಗಕ್ಕೆ ಹೋಗುವ ದಾರಿಯ ಇಕ್ಕೆಲದಲ್ಲಿ ಹತ್ತಿ, ತೊಗರಿಯ ಎರೆಭೂಮಿ ಹರಡಿದೆ. ದೇವದುರ್ಗದ ಉತ್ತರಕ್ಕೆ ಹೂವಿನಹೆಡಗಿ ಸೇತುವೆ ಕೃಷ್ಣೆಯನ್ನು ದಾಟಿಸುತ್ತದೆ. ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಇದೇ ಸೇತುವೆ ಮುಳುಗುತ್ತದೆ. ಆಚೆ ದಡದ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಪರಮಾಣು ಇಂಧನದ ಮೂಲವಸ್ತುವಾದ ಯುರೇನಿಯಂ ನಿಕ್ಷೇಪವನ್ನು ಕೇಂದ್ರದ ಅಣು ಖನಿಜ ನಿರ್ದೇಶನಾಲಯ ಗುರುತಿಸಿದೆ, ಗಣಿಗಾರಿಕೆಗೆ ಊರವರ ವಿರೋಧವೂ ವ್ಯಕ್ತವಾಗಿದೆ. ಪರಮಾಣು ರಾಜಕೀಯ ದೂರದ ಮಾತಲ್ಲವೆಂಬುದು ಈ ದಡದಲ್ಲಿ ಅರಿವಾಗುತ್ತದೆ.

2003ರಲ್ಲಿ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಿಂದ ಹೊರಬಂದು, 2006ರಿಂದ 2017ರವರೆಗೆ ಆರು ಪರೀಕ್ಷೆಗಳನ್ನು ನಡೆಸಿದ ಉತ್ತರ ಕೊರಿಯಾದ ಬಗೆಗಿನ ಇಂದಿನ ಚರ್ಚೆಯೂ 1948ರ ಹೈದರಾಬಾದ್ ಚರ್ಚೆಯ ಜಾಡಿನಲ್ಲೇ ಇದೆ: ಅದರ ಬಾಂಬು ಆಕ್ರಮಣಕ್ಕಾಗಿಯೋ, ತನ್ನ ಆಡಳಿತದ ಉಳಿವಿಗಾಗಿಯೋ ಎಂದು ವಾದಿಸುವವರು ಕ್ಷಿಪಣಿಗಳನ್ನು ಎಣಿಸುತ್ತಾರೆ, ದಿಗ್ಬಂಧನದ ಬಿಸಿ ತಗಲುವ ಎರಡೂವರೆ ಕೋಟಿ ಜನರನ್ನು ಎಣಿಸುವುದು ಅಪರೂಪ. ಅಣ್ವಸ್ತ್ರವಿರುವಲ್ಲಿ ಐದು ದಿನದ ಕಾರ್ಯಾಚರಣೆ ಸಾಧ್ಯವಿಲ್ಲ. ಆದ್ದರಿಂದಲೇ ಅಲ್ಲಿ ಭಯವನ್ನು ಅಳೆದು ಮಾತಾಡುವುದು ಇನ್ನೂ ಅಗತ್ಯ.

ದೇವದುರ್ಗದಿಂದ ಸಿರವಾರದ ಮೂಲಕ ಸಾಗಿದರೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳ ನಡುವೆ, ಹರಿದಾಸ ಜಗನ್ನಾಥದಾಸರ ಊರಾದ ಮಾನ್ವಿ ಸಿಗುತ್ತದೆ. ತಾಲ್ಲೂಕಿನ ದಕ್ಷಿಣದಂಚಿನ ತುಂಗಭದ್ರೆಯೇ 1948ರಲ್ಲಿ ಸಂಸ್ಥಾನದ ಗಡಿಯಾಗಿತ್ತು. ಕಾರ್ಯಾಚರಣೆಯ ವೇಳೆ ಮತ್ತು ಅದರ ನಂತರದ ಹಿಂಸೆಯಲ್ಲಿ ಸಂಸ್ಥಾನದಾದ್ಯಂತ ಕನಿಷ್ಠ 27,000ದಿಂದ 40,000 ಜನ, ಬಹುತೇಕ ಮುಸ್ಲಿಮರು, ಸತ್ತರೆಂದು ನೆಹರೂ ಕಳುಹಿಸಿದ ಸುಂದರಲಾಲ್ ಸಮಿತಿ ಅಂದಾಜಿಸಿತ್ತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ರಜಾಕಾರರ ಕೈಯಲ್ಲಿ ನೊಂದವರೂ ಆಮೇಲೆ ನೊಂದವರೂ ಒಂದೇ ಜಿಲ್ಲೆಯ ಜನ. 1948ರಲ್ಲಿ ಹತ್ತರ ವಯಸ್ಸಿನಲ್ಲಿದ್ದವರಿಗೆ ಈಗ ತೊಂಬತ್ತರ ಆಸುಪಾಸು. ರಾಯಚೂರಿನ ಕಾಲೇಜುಗಳೂ ವಿಶ್ವವಿದ್ಯಾಲಯವೂ ಎರಡೂ ಕಡೆಯವರ ನೆನಪುಗಳನ್ನು ಅವರ ಬಾಯಿಂದಲೇ ಈಗಲೇ ದಾಖಲಿಸಿಕೊಳ್ಳಬೇಕು.