ಬಾರ್ಬಡೋಸ್‌ನಲ್ಲಿ ಎಂಟು ತಾಸು

ಕೆರಿಬಿಯನ್ ದ್ವೀಪಮಾಲೆಯ ಪೂರ್ವದ ಅಂಚಿನಲ್ಲಿ, ಸಾಲಿನಿಂದ ತುಸು ಹೊರಸರಿದು ಅಟ್ಲಾಂಟಿಕ್ ಮಹಾಸಾಗರದಲ್ಲಿ ಒಂಟಿಯಾಗಿ ನಿಂತಿರುವ ದ್ವೀಪ ಬಾರ್ಬಡೋಸ್. ಉದ್ದ 34 ಕಿಲೋಮೀಟರು, ಅಗಲ 23 ಕಿಲೋಮೀಟರು. ನಮ್ಮ ಕಡೆಯ ಒಂದು ಸಣ್ಣ ತಾಲ್ಲೂಕಿನಷ್ಟು ನೆಲ. ಅದರಲ್ಲಿ ಸುಮಾರು 2 ಲಕ್ಷ 80 ಸಾವಿರ ಜನ. 2025ರ ಜನವರಿಯಲ್ಲಿ ಅಮೆರಿಕದಲ್ಲಿರುವ ಮಗಳು ಮತ್ತು ಅಳಿಯಂದಿರ ಒತ್ತಾಯಕ್ಕೆ ಮಣಿದು ವಿಹಾರ ನೌಕೆಯೊಂದನ್ನು ಹತ್ತಿದ ನಮಗೆ ಈ ದ್ವೀಪದಲ್ಲಿ ದೊರೆತದ್ದು ಬೆಳಗಿನ ಎಂಟರಿಂದ ಸಂಜೆ ನಾಲ್ಕೂವರೆಯವರೆಗಿನ ಅವಧಿ ಮಾತ್ರ.

ಇಂತಹ ನೌಕೆಗಳಲ್ಲಿ ಪ್ರತಿ ಬಂದರಿನಲ್ಲೂ ಹಡಗಿನವರೇ ಏರ್ಪಡಿಸುವ ಪ್ರವಾಸಗಳಿರುತ್ತವೆ. ತಂಪು ಹವೆಯ ಬಸ್ಸು, ಬಾವುಟ ಹಿಡಿದ ಮಾರ್ಗದರ್ಶಿ, ನಡುವೆ ಒಂದು ಅಂಗಡಿ, ಮತ್ತೆ ಹಡಗು. ದುಬಾರಿಯೆಂಬುದನ್ನು ಬಿಟ್ಟರೆ ಅದರಲ್ಲೊಂದು ಅನುಕೂಲವುಂಟು: ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಸ್ವತಂತ್ರವಾಗಿ ಹೊರಟವರಿಗಾಗಿ ಹಡಗು ಕಾಯುವುದಿಲ್ಲ. "ಅಪ್ಪಾಜಿ, ಹಡಗು ತಪ್ಪಿದರೆ ಮುಂದಿನ ದ್ವೀಪಕ್ಕೆ ವಿಮಾನದಲ್ಲಿ ಬರಬೇಕಾಗುತ್ತದೆ, ಅದೂ ನಮ್ಮದೇ ಖರ್ಚಿನಲ್ಲಿ" ಎಂದು ಮಗಳು ಎಚ್ಚರಿಸಿದಳು. ಅವರು ಮಗುವಿನೊಡನೆ ಸಮೀಪದ ಕಡಲತೀರಕ್ಕೆ ಹೋದರು. ನಾನೂ ನಮ್ಮ ಮನೆಯವರೂ ಗಡಿಯಾರವನ್ನು ಹಡಗಿನ ವೇಳೆಗೆ ಸರಿಮಾಡಿಕೊಂಡು ನಡೆದೇ ಹೊರಟೆವು. ಕೆಲವು ಹಡಗುಗಳು ತಾವು ಹೊರಟ ಊರಿನ ವೇಳೆಯನ್ನೇ ಪಾಲಿಸುವುದರಿಂದ ಈ ಎಚ್ಚರ ಅವಶ್ಯ.

ಬಂದರಿನಿಂದ ರಾಜಧಾನಿ ಬ್ರಿಜ್‌ಟೌನ್ ಒಂದೂವರೆ ಕಿಲೋಮೀಟರು. ಬಿಳಿಯ ಹವಳಗಲ್ಲಿನಲ್ಲಿ ಕಟ್ಟಿದ ಸಂಸತ್ ಭವನ, ದೋಣಿಗಳು ತಂಗುವ ಕಿರಿದಾದ ಕಡಲತೋಡು, ಅದರ ಮೇಲೊಂದು ಸೇತುವೆ. ಈ ಹಳೆಯ ನಗರ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸಂಸತ್ತಿನ ಎದುರಿನ ಚೌಕದಲ್ಲಿ 1813ರಿಂದ ಇಂಗ್ಲಿಷ್ ನೌಕಾಧಿಪತಿ ನೆಲ್ಸನ್‌ನ ಪ್ರತಿಮೆಯಿತ್ತು. 2020ರ ನವೆಂಬರಿನಲ್ಲಿ ಅದನ್ನು ಕೆಳಗಿಳಿಸಿದರು. ಮರುವರ್ಷ ನವೆಂಬರ್ 30ರಂದು ಬ್ರಿಟನ್ನಿನ ರಾಣಿಯ ಹೆಸರಿನ ಆಳ್ವಿಕೆಯೂ ಕೊನೆಗೊಂಡು ಬಾರ್ಬಡೋಸ್ ಗಣರಾಜ್ಯವಾಯಿತು. 1966ರಲ್ಲಿ ಸ್ವಾತಂತ್ರ್ಯ ಪಡೆದದ್ದೂ ಇದೇ ತಾರೀಖಿನಂದು.

ಸೇತುವೆ ದಾಟಿದರೆ ಬಸ್ ನಿಲ್ದಾಣ. ಇಲ್ಲಿಯ ಡಾಲರು ಬೇರೆ. ಅಮೆರಿಕದ ಒಂದಕ್ಕೆ ಇಲ್ಲಿಯ ಎರಡು, 1975ರಿಂದಲೂ ಇದೇ ದರ. ಸರಕಾರಿ ಬಸ್ಸಿನಲ್ಲಿ ಎಲ್ಲಿಗೆ ಹೋದರೂ ಮೂರೂವರೆ ಬಾರ್ಬಡೋಸ್ ಡಾಲರು. ಚಿಲ್ಲರೆ ಹಿಂದಿರುಗಿಸುವ ಪದ್ಧತಿಯಿಲ್ಲದ್ದರಿಂದ ಅಂಗಡಿಯೊಂದರಲ್ಲಿ ನೋಟು ಮುರಿಸಿಕೊಂಡೆ. ಕೈಗೆ ಬಂದ ಐದು ಡಾಲರಿನ ನೋಟಿನ ಮೇಲೆ ಕ್ರಿಕೆಟ್ ಆಟಗಾರ ಫ್ರಾಂಕ್ ವೊರೆಲ್‌ರ ಮುಖವಿತ್ತು! ಬಸ್ಸು ಹತ್ತುವವರೆಲ್ಲ ಒಳಗಿದ್ದವರಿಗೆ ಶುಭೋದಯ ಹೇಳಿಯೇ ಕುಳಿತುಕೊಳ್ಳುತ್ತಿದ್ದರು. ನಾವೂ ಹೇಳಿದೆವು, ಇಡೀ ಬಸ್ಸು ಮಾರುತ್ತರ ಕೊಟ್ಟಿತು. ಅಲ್ಲಿಂದ ಮುಂದೆ ನಾವು ಪ್ರೇಕ್ಷಕರಾಗಿ ಉಳಿಯಲಿಲ್ಲ, ಪ್ರಯಾಣಿಕರಾದೆವು.

ಊರು ದಾಟಿದೊಡನೆ ಸೂಲಂಗಿ ತೂಗುವ ಕಬ್ಬಿನ ಗದ್ದೆಗಳು. ಕಬ್ಬು ಕಂಡರೆ ನಮ್ಮವರಿಗೆ ಆಲೆಮನೆಯ ನೆನಪಾಗುವುದು ಸಹಜ. ಇಲ್ಲಿಯ ಕಬ್ಬಿನ ಕಥೆ ಮಾತ್ರ ಬೇರೆ. 1627ರಲ್ಲಿ ನೆಲೆಸಿದ ಇಂಗ್ಲಿಷರು 1640ರ ದಶಕದಲ್ಲಿ ಕಬ್ಬಿನ ಬೇಸಾಯ ಹಿಡಿದು, ಕಾಡು ಕಡಿದು, ದುಡಿಮೆಗೆ ಆಫ್ರಿಕಾದಿಂದ ಮನುಷ್ಯರನ್ನು ಹಿಡಿದು ತಂದರು. 1661ರ ಕಾನೂನು ಅವರನ್ನು ಒಡೆಯನ ಸೊತ್ತನ್ನಾಗಿ ಮಾಡಿತು. 1816ರ ಈಸ್ಟರ್ ಹಬ್ಬದಂದು ಗುಲಾಮರು ದಂಗೆಯೆದ್ದರು. ಅದರ ನಾಯಕನೆಂದು ಜನ ನೆನೆಯುವ ಬುಸ್ಸಾ ಇಂದು ರಾಷ್ಟ್ರವೀರ. ಊರ ಹೊರಗಿನ ವೃತ್ತವೊಂದರಲ್ಲಿ ಸಂಕೋಲೆ ಹರಿದ ಕೈಗಳನ್ನೆತ್ತಿ ನಿಂತ ಪ್ರತಿಮೆಯನ್ನು ಜನರು ಅವನ ಹೆಸರಿನಿಂದಲೇ ಕರೆಯುತ್ತಾರೆ. 1834ರಲ್ಲಿ ಗುಲಾಮಗಿರಿ ರದ್ದಾದಾಗ ಬ್ರಿಟಿಷ್ ಸರಕಾರ ತನ್ನ ವಸಾಹತುಗಳಲ್ಲೆಲ್ಲ ಎರಡು ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಕೊಟ್ಟದ್ದು ಒಡೆಯರಿಗೆ, ದುಡಿದವರಿಗೆ ಬಿಡಿಗಾಸೂ ಇಲ್ಲ.

ದಾರಿಯುದ್ದಕ್ಕೂ ಪುಟ್ಟ ಮರದ ಮನೆಗಳು ಕಂಡವು. ತಳಪಾಯವಿಲ್ಲ; ಸುಮ್ಮನೆ ಜೋಡಿಸಿದ ಕಲ್ಲುಗಳ ಮೇಲೆ ಕೂರಿಸಿದ್ದಾರೆ. ಪಕ್ಕದಲ್ಲಿ ಕುಳಿತಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಇದರ ಮರ್ಮ ತಿಳಿಸಿದರು. ಬಿಡುಗಡೆಯಾದ ಮೇಲೂ ನೆಲ ಒಡೆಯನದೇ ಆಗಿತ್ತು, ಮನೆ ಮಾತ್ರ ಕೂಲಿಯವನದು. ಒಡೆಯ ಮುನಿದು 'ಹೊರಡು' ಎಂದರೆ ಹಲಗೆಗಳನ್ನು ಬಿಚ್ಚಿ, ಗಾಡಿಗೆ ಹೇರಿ, ಇನ್ನೊಂದು ತೋಟದಂಚಿನಲ್ಲಿ ಮತ್ತೆ ಜೋಡಿಸಿಕೊಳ್ಳುತ್ತಿದ್ದರು. ಮನೆಯ ಅಡಿಯ ನೆಲವನ್ನು ಕಡಿಮೆ ಬೆಲೆಗೆ ಕೊಳ್ಳುವ ಹಕ್ಕು ಇಂತಹವರಿಗೆ ಕಾನೂನಿನಿಂದ ಬಂದದ್ದು 1980ರಲ್ಲಿ. "ನಮ್ಮ ತಾಯಿ ಆ ಪತ್ರವನ್ನು ಬೈಬಲ್ಲಿನೊಳಗೆ ಇಟ್ಟಿದ್ದರು" ಎಂದರು ಆಕೆ. ಕಿಟಕಿಯಾಚೆಯ ಮನೆಗಳ ಬಣ್ಣದ ಬಾಗಿಲು, ಹೂಕುಂಡ, ಜಾಲರಿ ಕೆತ್ತನೆಯ ಸೂರನ್ನು ಆಮೇಲೆ ನಾನು ಬೇರೆಯೇ ಕಣ್ಣಿನಿಂದ ನೋಡಿದೆ.

ಪೂರ್ವತೀರದ ಬ್ಯಾತ್‌ಶೀಬಾ ಹಳ್ಳಿಗೆ ಒಂದು ತಾಸಿನ ದಾರಿ. ಪಶ್ಚಿಮದ ಶಾಂತ ನೀಲಿ ನೀರಿಗೂ ಇದಕ್ಕೂ ಸಂಬಂಧವೇ ಇಲ್ಲವೆನ್ನುವಂತೆ ಅಟ್ಲಾಂಟಿಕ್ ಇಲ್ಲಿ ಭೋರ್ಗರೆಯುತ್ತದೆ. ಗುಡ್ಡದಿಂದ ಉರುಳಿ ಬಿದ್ದ ಹವಳಗಲ್ಲಿನ ಭಾರಿ ಬಂಡೆಗಳ ಬುಡವನ್ನು ಅಲೆಗಳು ಕೊರೆದು ಅಣಬೆಯ ಆಕಾರ ಕೊಟ್ಟಿವೆ. ಸೆಳೆತ ಬಲವಾದ್ದರಿಂದ ಈಜು ಸಲ್ಲದು. ಹಲಗೆಯ ಮೇಲೆ ಅಲೆಯೇರುವ ಸಾಹಸಿಗಳು ಮಾತ್ರ ಇಳಿಯುತ್ತಾರೆ. ನಾವು ಬಂಡೆಯ ನೆರಳಿನಲ್ಲಿ ಕುಳಿತೆವು.

ಅಲ್ಲಿಯ ಸಣ್ಣ ಖಾನಾವಳಿಯೊಂದರಲ್ಲಿ ಒಬ್ಬಾಕೆ ಮೆಕ್ಕೆಜೋಳದ ಹಿಟ್ಟನ್ನು ಬೆಂಡೆಕಾಯಿ ಬೇಯಿಸಿದ ನೀರಿನಲ್ಲಿ ಹಾಕಿ ಚಪ್ಪಟೆಯಾದ ಮರದ ಕೋಲಿನಿಂದ ತಿರುವುತ್ತಿದ್ದಳು. ನಮ್ಮ ಮನೆಯವರು ಒಳಗೇ ಹೋಗಿ ನಿಂತು, "ರೀ, ಇದು ಮುದ್ದೆಯೇ!" ಎಂದರು. ಇಲ್ಲಿ ಅದರ ಹೆಸರು ಕುಕು. ಅದರೊಡನೆ ಹಾರುವ ಮೀನಿನ ಸಾರು ಇಲ್ಲಿಯ ರಾಷ್ಟ್ರೀಯ ಊಟ. ಮೀನು ಬೇಡವೆಂದಾಗ ಆಕೆ ಬೇಸರಿಸದೆ ಬೆಣ್ಣೆ ಹಾಕಿ, ಸುಟ್ಟ ಜೀಗುಜ್ಜೆಯ ಹೋಳುಗಳೊಡನೆ ಬಡಿಸಿದಳು. ಶಾಕಾಹಾರಿಗಳು ಇಲ್ಲಿ ಒಂದು ವಿಷಯದಲ್ಲಿ ಜಾಗರೂಕರಾಗಿರಬೇಕು: ಕಾಳು ಹಾಕಿದ ಅನ್ನ ನೋಡಲು ನಿರಪಾಯವೆನಿಸಿದರೂ ಅದಕ್ಕೆ ಉಪ್ಪು ಹಚ್ಚಿದ ಮಾಂಸ ಸೇರಿಸುವುದುಂಟು. ಕೇಳಿಯೇ ಉಣ್ಣಬೇಕು. ರಾಸ್ತಫಾರಿ ಪಂಥದವರ ಅಡುಗೆಯಲ್ಲಿ ಮಾಂಸವಿರುವುದಿಲ್ಲ. ಬ್ರಿಜ್‌ಟೌನಿನಲ್ಲಿ ಅವರ ಅಂಗಡಿಗಳಿವೆ.

ಒಂದೂವರೆಗೆ ಬರಬೇಕಾದ ಬಸ್ಸು ಬರಲಿಲ್ಲ. ಇಲ್ಲಿಯ ನಿಲ್ದಾಣಗಳ ಫಲಕದಲ್ಲಿ ಊರಿನ ಹೆಸರಿಲ್ಲ. 'ನಗರಕ್ಕೆ' ಅಥವಾ 'ನಗರದಿಂದ ಹೊರಗೆ' ಎಂದಷ್ಟೇ. 'ನಗರಕ್ಕೆ' ಎಂಬ ಫಲಕದ ಕೆಳಗೆ ಎರಡಾಯಿತು, ಎರಡೂವರೆಯಾಯಿತು. ನಮ್ಮ ಮನೆಯವರು ಮಾತು ನಿಲ್ಲಿಸಿದ್ದರು. ಕೊಡೆ ಹಿಡಿದ ವೃದ್ಧರೊಬ್ಬರು ನಮ್ಮ ಹಡಗಿನ ವೇಳೆಯನ್ನು ಕೇಳಿ ತಿಳಿದು, ಹೋಗುವ ಕಾರುಗಳಿಗೆಲ್ಲ ಕೈಯೊಡ್ಡತೊಡಗಿದರು, ತಮಗಾಗಿ ಅಲ್ಲ, ನಮಗಾಗಿ. ಅಷ್ಟರಲ್ಲಿ ತಿರುವಿನಲ್ಲಿ ನೀಲಿ ಬಸ್ಸಿನ ಮುಖ ಕಂಡಿತು. ಅವರು ಚಾಲಕನಿಗೆ ನಮ್ಮ ವಿಷಯ ತಿಳಿಸಿಯೇ ನಮ್ಮನ್ನು ಹತ್ತಿಸಿದರು.

ನಗರ ತಲುಪಿದಾಗ ಮೂರು ಮುಕ್ಕಾಲು. ಬಂದರಿನ ಹಾದಿಯ ಸನಿಹದಲ್ಲೇ ಕೆನ್ಸಿಂಗ್ಟನ್ ಓವಲ್ ಮೈದಾನ. 1962ರಲ್ಲಿ ನಮ್ಮ ನಾಯಕ ನಾರಿ ಕಂಟ್ರಾಕ್ಟರರ ತಲೆಗೆ ಚೆಂಡು ಬಡಿದು ಪ್ರಾಣಾಪಾಯವಾದದ್ದು ಇಲ್ಲಿ. ಅವರಿಗೆ ರಕ್ತ ಕೊಟ್ಟವರಲ್ಲಿ ನೋಟಿನ ಮೇಲಿನ ಆ ವೊರೆಲ್ ಒಬ್ಬರು. ದ್ವಾರದಲ್ಲಿದ್ದ ಕಾವಲುಗಾರ ನಾವು ಕರ್ನಾಟಕದವರೆಂದು ತಿಳಿದು "ದ್ರಾವಿಡ್!" ಎಂದ. 1997ರಲ್ಲಿ 120 ಓಟ ಬೇಕಿದ್ದಾಗ ಭಾರತ 81ಕ್ಕೆ ಕುಸಿದದ್ದನ್ನೂ, ಆ ತಂಡದಲ್ಲಿದ್ದ ಅದೇ ದ್ರಾವಿಡ್ 2024ರ ಜೂನ್ 29ರಂದು ವಿಶ್ವಕಪ್ ಗೆದ್ದ ತಂಡದ ತರಬೇತುದಾರರಾಗಿ ಇದೇ ಮೈದಾನದಲ್ಲಿ ನಿಂತದ್ದನ್ನೂ ಆತ ತನ್ನ ಮನೆಯ ಸುದ್ದಿಯಂತೆ ವಿವರಿಸಿದ. ಗೇಟಿನ ಸರಳುಗಳ ನಡುವಿನಿಂದ ಹಸಿರು ಹುಲ್ಲನ್ನು ನೋಡುತ್ತ ನಿಂತಿದ್ದ ನನ್ನ ಅಂಗಿಯ ತೋಳನ್ನು ನಮ್ಮ ಮನೆಯವರು ಜಗ್ಗಿದರು. ನಾಲ್ಕು ಗಂಟೆ ಹತ್ತು ನಿಮಿಷವಾಗಿತ್ತು.