ಡಬ್ಬಿಯೊಳಗಿನ ಸೆಲ್ಲುಗಳು

ಅಭ್ಯಾಸ ಬೋಧನೆಯ ಮೂರನೇ ವಾರ ಹತ್ತನೇ ತರಗತಿಗೆ ‘ವಿದ್ಯುತ್ಕಾಂತೀಯ ಪ್ರೇರಣೆ’ ಪಾಠ ಮಾಡುವುದಿತ್ತು. ಅಂದು ಮೇಲ್ವಿಚಾರಕರು ಪಾಠ ವೀಕ್ಷಣೆಗೆ ಬರುವವರಿದ್ದರು. ಬೋಧನೋಪಕರಣ ಎಂದಾಗಲೆಲ್ಲ ನಾವು ಕೇಳುವ ಮಾತು ‘ಕಸದಿಂದ ರಸ’. ಅದರಂತೆ ತಮ್ಮನ ಮುರಿದ ಆಟಿಕೆ ಕಾರಿನಿಂದ ಪುಟ್ಟ ಮೋಟಾರನ್ನು, ಕೆಟ್ಟುಹೋದ ಡಿವಿಡಿ ಪ್ಲೇಯರಿನಿಂದ ಒಂದು ಕೆಂಪು ಎಲ್‌ಇಡಿಯನ್ನು ಬಿಚ್ಚಿಕೊಂಡೆ. ವಿದ್ಯುತ್ ಕೊಟ್ಟರೆ ತಿರುಗುವ ಮೋಟಾರನ್ನು ನಾವೇ ತಿರುಗಿಸಿದರೆ ವಿದ್ಯುತ್ ಬರಬೇಕು. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ವವನ್ನು ಅಂಗೈಯಲ್ಲೇ ತೋರಿಸಬಹುದು ಎಂದುಕೊಂಡಿದ್ದೆ.

ಎಲ್‌ಇಡಿ ಹೊತ್ತಲಿಲ್ಲ. ಬೆರಳಿನಿಂದ ಎಷ್ಟು ಜೋರಾಗಿ ತಿರುಗಿಸಿದರೂ ಮಲ್ಟಿಮೀಟರ್ ಕಾಲು ವೋಲ್ಟ್ ದಾಟಲಿಲ್ಲ. ಕೆಂಪು ಎಲ್‌ಇಡಿ ಉರಿಯಲು ಸುಮಾರು 1.8 ವೋಲ್ಟ್ ಬೇಕು. ರಾತ್ರಿ ಹನ್ನೊಂದಾಗಿತ್ತು. ಆಗ ನಾನು ಮಾಡಿದ್ದನ್ನು ಬರೆಯಲು ಈಗಲೂ ಸಂಕೋಚವಾಗುತ್ತದೆ. ಸಿಹಿತಿಂಡಿಯ ಡಬ್ಬಿಗೆ ಬಣ್ಣದ ಕಾಗದ ಅಂಟಿಸಿ, ಮೋಟಾರಿಗೆ ಹಿಡಿಕೆ ಸಿಕ್ಕಿಸಿ ಮೇಲೆ ಕೂರಿಸಿದೆ. ಒಳಗೆ ಎರಡು ಪೆನ್ಸಿಲ್ ಸೆಲ್, ಒಂದು ರೆಸಿಸ್ಟರ್, ಹಳೆಯ ಟಾರ್ಚಿನ ಸ್ವಿಚ್ಚು. ಬಲಗೈಯಲ್ಲಿ ಹಿಡಿಕೆ ತಿರುಗಿಸುತ್ತ ಎಡಗೈಯಿಂದ ಸ್ವಿಚ್ಚು ಒತ್ತುವುದು.

ಪಾಠ ಚೆನ್ನಾಗಿಯೇ ನಡೆಯಿತು. ವೀಕ್ಷಣಾ ಹಾಳೆಯಲ್ಲಿ ‘ಉಪಕರಣದ ಬಳಕೆ ಉತ್ತಮ’ ಎಂದು ಬಂತು. ಗಂಟೆ ಬಾರಿಸಿದ ಮೇಲೆ ಒಬ್ಬ ಹುಡುಗಿ ಮೇಜಿನ ಬಳಿ ಬಂದಳು.

“ಮಿಸ್, ನೀವು ತಿರುಗಿಸೋದು ನಿಲ್ಸಿದ್ಮೇಲೂ ಲೈಟ್ ಉರೀತಿತ್ತಲ್ವಾ? ಒಳಗೆ ಸೆಲ್ ಇದ್ಯಾ?”

“ಇಲ್ಲಮ್ಮ, ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತೆ” ಎಂದುಬಿಟ್ಟೆ.

ಅವಳು ಅಲ್ಲೇ ನಿಂತು ಆ ಮಾತನ್ನು ನೋಟ್ಸಿನಲ್ಲಿ ಬರೆದುಕೊಂಡಳು. ಅಂದು ರಾತ್ರಿಯೆಲ್ಲ ನನ್ನನ್ನು ಕಾಡಿದ್ದು ಆ ಒಂದು ಸಾಲು. ತರಗತಿಯಲ್ಲಿ ಸರಿಯಾಗಿ ಗಮನಿಸಿದವಳು ಅವಳು. ಅವಳ ಪುಸ್ತಕಕ್ಕೇ ನಾನು ತಪ್ಪು ವಿಜ್ಞಾನವನ್ನು ಸೇರಿಸಿದ್ದೆ.

ಮರುದಿನ ಎಲ್ಲರೆದುರು ಡಬ್ಬಿ ಬಿಚ್ಚಿ ಸೆಲ್ಲುಗಳನ್ನು ತೋರಿಸಿ, ತಪ್ಪಾಯಿತು ಎಂದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆ ಹುಡುಗಿ ನೋಟ್ಸ್ ತೆಗೆದು ಸಾಲನ್ನು ಹೊಡೆದುಹಾಕಿ ಕೇಳಿದಳು: “ಹಾಗಾದ್ರೆ ಮೋಟಾರ್ ತಿರುಗಿಸಿದ್ರೆ ಕರೆಂಟ್ ಬರುತ್ತೆ ಅನ್ನೋದೂ ಸುಳ್ಳಾ ಮಿಸ್?”

ನಿಜವಾದ ತತ್ವವೊಂದನ್ನು ನಾನೇ ಅನುಮಾನಕ್ಕೆ ದೂಡಿದ್ದೆ. ಬಾಯಿಮಾತಿನ ಉತ್ತರ ಇನ್ನು ಸಾಲುತ್ತಿರಲಿಲ್ಲ. “ಮನೆಯಲ್ಲಿ ಮುರಿದ ಆಟಿಕೆ ಕಾರು ಇದ್ದರೆ ಶನಿವಾರ ತನ್ನಿ, ಸೇರಿ ನೋಡೋಣ” ಎಂದೆ. ಜೊತೆಗೆ ಕೆಲವು ಎಚ್ಚರಿಕೆ: ಸೆಲ್ ತೆಗೆದೇ ತರಬೇಕು. ಚಾರ್ಜರ್, ಹಳೆಯ ಟಿವಿ ಬಿಚ್ಚಬಾರದು; ಟಿವಿಯ ಪಿಕ್ಚರ್ ಟ್ಯೂಬಿನಲ್ಲಿ ಆಫ್ ಮಾಡಿದ ಮೇಲೂ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಮೊಬೈಲ್ ಬ್ಯಾಟರಿಯನ್ನಂತೂ ಚುಚ್ಚಲೇಬಾರದು, ಬೆಂಕಿ ಹತ್ತಿಕೊಳ್ಳುತ್ತದೆ.

ಶನಿವಾರ ಐದು ಕಾರುಗಳು ಬಂದವು. ಒಬ್ಬ ಹುಡುಗ ಮೋಟಾರನ್ನು ಹೊರತೆಗೆಯದೆ, ಕಾರಿನ ಮೇಲಿನ ಮುಚ್ಚಳವನ್ನಷ್ಟೇ ಬಿಚ್ಚಿ, ಮೋಟಾರಿನ ಎರಡು ತುದಿಗಳಿಗೆ ಮಲ್ಟಿಮೀಟರ್ ತಾಗಿಸಿ ಹಿಂದಿನ ಚಕ್ರ ತಿರುಗಿಸಿದ. ನನ್ನ ಕಾಲು ವೋಲ್ಟನ್ನು ಅದು ಕ್ಷಣದಲ್ಲಿ ದಾಟಿತು. ಕಾರಣ ಕಣ್ಣೆದುರಿಗೇ ಇತ್ತು: ಚಕ್ರಕ್ಕೂ ಮೋಟಾರಿಗೂ ನಡುವಿನ ಹಲ್ಲುಗಾಲಿಗಳು. ಚಕ್ರ ಒಂದು ಸುತ್ತು ಹಾಕುವಷ್ಟರಲ್ಲಿ ಮೋಟಾರು ಹಲವು ಸುತ್ತು ಹಾಕುತ್ತದೆ. ಸುರುಳಿ ಬೇಗ ತಿರುಗಿದಷ್ಟೂ ಪ್ರೇರಿತ ವೋಲ್ಟೇಜ್ ಹೆಚ್ಚು. ನಾನು ಮೋಟಾರನ್ನಷ್ಟೇ ಇಟ್ಟುಕೊಂಡು ಹಲ್ಲುಗಾಲಿಗಳನ್ನು ಕಸದ ಬುಟ್ಟಿಗೆ ಹಾಕಿದ್ದೆ!

ಕೆಂಪು ಎಲ್‌ಇಡಿ ಜೋಡಿಸಿ ಕಾರನ್ನು ಬೆಂಚಿನ ಮೇಲೆ ರಭಸದಿಂದ ತಳ್ಳಿದಾಗ ಅದು ಮಿನುಗಿತು. ಹಿಂದಕ್ಕೆ ಎಳೆದರೆ ಇಲ್ಲ. ಇನ್ನೊಂದು ಎಲ್‌ಇಡಿಯನ್ನು ತಿರುವುಮುರುವಾಗಿ ಜೋಡಿಸಿದೆವು: ಮುಂದೆ ತಳ್ಳಿದರೆ ಒಂದು, ಹಿಂದೆ ಎಳೆದರೆ ಮತ್ತೊಂದು. ಚಲನೆಯ ದಿಕ್ಕು ಬದಲಾದರೆ ಪ್ರವಾಹದ ದಿಕ್ಕೂ ಬದಲಾಗುತ್ತದೆ ಎಂಬುದನ್ನು ನಾನು ಹೇಳಬೇಕಾಗಲಿಲ್ಲ. ಬಿಳಿ ಎಲ್‌ಇಡಿ ಹೊತ್ತಲಿಲ್ಲ. ಅದಕ್ಕೆ ಸುಮಾರು 3 ವೋಲ್ಟ್ ಬೇಕು. ಆ ಹುಡುಗಿ ಮಾತ್ರ ಕಾರನ್ನು ಮೂರು ಸಲ ನಿಲ್ಲಿಸಿ, ಬೆಳಕೂ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ ನೋಡಿದಳು. ನನ್ನ ಪಾಠ ಯೋಜನೆಯಲ್ಲಿ ‘ಪರಿಶೋಧನೆ’ ಹಂತದಡಿ ನಾಲ್ಕು ಸಾಲು ಬರೆದಿದ್ದೆ. ಆ ಹಂತ ನಿಜವಾಗಿ ನಡೆದದ್ದು ಅಂದು.

ಮೇಲ್ವಿಚಾರಕರಿಗೂ ನಡೆದದ್ದನ್ನು ಹೇಳಿದೆ. ಅವರು ಗದರಲಿಲ್ಲ. ಆ ಪಾಠದ ಅಂಕಗಳನ್ನು ಹೊಡೆದುಹಾಕಿ, ಮತ್ತೊಮ್ಮೆ ಪಾಠ ಮಾಡಲು ಹೇಳಿದರು.

ವೀಕ್ಷಣೆಯ ದಿನ ಉಪಕರಣ ಕೈಕೊಡಬಾರದು ಎಂಬ ಭಯ ನಮ್ಮೆಲ್ಲರಿಗೂ ಇದೆ. ಕೆಟ್ಟ ವಸ್ತುವಿನಿಂದ ಉಪಕರಣ ಮಾಡುವ ಗೆಳೆಯರಿಗೆ ನನ್ನ ಅನುಭವದ ಎರಡು ಮಾತು: ಬಣ್ಣದ ಕಾಗದದಿಂದ ಮುಚ್ಚಬೇಡಿ, ತಂತಿಗಳು ಕಾಣಲಿ. ಕೆಲಸ ಮಾಡದಿದ್ದರೆ ಹಾಗೆಯೇ ತರಗತಿಗೆ ಒಯ್ದು “ಇದು ಯಾಕೆ ಉರಿಯುತ್ತಿಲ್ಲ?” ಎಂದು ಮಕ್ಕಳನ್ನೇ ಕೇಳಿ. ಅಂದು ನನ್ನ ಕೈಯಲ್ಲಿದ್ದ ಅತ್ಯುತ್ತಮ ಪ್ರಶ್ನೆ ಅದೇ ಆಗಿತ್ತು; ಅದನ್ನು ನಾನು ಡಬ್ಬಿಯೊಳಗೆ ಮುಚ್ಚಿಟ್ಟಿದ್ದೆ.