ಮುಳುಗೂ ಮನಿಗೆ ಮಣ್ಣು ಹಾಕೂದು

ಯುಗಾದಿ ಹತ್ರ ಬಂತಂದ್ರ ನಮ್ಮ ಬಾಗಲಕೋಟಿ ಜಿಲ್ಲಾದ ರಸ್ತಾದಾಗ ಶ್ರೀಶೈಲಕ್ಕ ನಡಕೋತ ಹೋಗವರು ಕಾಣಾಕ ಹತ್ತತಾರ. ಹೆಗಲಮ್ಯಾಲ ಕಂಬಿ, ಬೆನ್ನಿಗೊಂದು ಸಣ್ಣ ಗಂಟು, ಎಷ್ಟೋ ಮಂದಿ ಬರಿಗಾಲು. ಹಾದ್ಯಾಗಿನ ಊರವರು ಪೆಂಡಾಲ ಹಾಕಿ ರೊಟ್ಟಿ, ಮಜ್ಜಿಗಿ ಕೊಡತಾರ, ನೊಂದ ಕಾಲಿಗೆ ಎಣ್ಣಿ ಹಚ್ಚತಾರ.

ನಾವು ಬಾಸೆಲ್ ಮಿಶನ್ ಕಾಲದ ಸಭೆಯ ಮಂದಿ. ಹಿಂಗ ನಡದು ಹೋಗೂ ಕ್ಷೇತ್ರ ನಮಗಿಲ್ಲ. ಆದ್ರ ಪ್ರತಿ ಐತವಾರ ಪ್ರಸಂಗದಾಗ, ಹಾಡಿನಾಗ ನಮ್ಮನ್ನ ಯಾತ್ರಿಕರು ಅಂತಾರ. ಈ ಲೋಕ ನಮ್ಮದಲ್ಲ, ನಮ್ಮ ಊರು ಮುಂದೈತಿ ಅಂತಾರ. ದಿನಾ ಹೆಂಚಿನ ಮುಂದ ಕುಂತು ರೊಟ್ಟಿ ಬಡಿಯಾಕಿ ಯಾತ್ರಿ ಯಾವಾಗ ಮಾಡಬೇಕು? ಈ ಪ್ರಶ್ನಿ ನನಗ ಬಾಳ ದಿನದಿಂದ ಇತ್ತು.

ಈ ಮಾತಿಗೆ ನಮ್ಮ ಮನ್ಯಾಗ ಒಂದು ಪುಸ್ತಕದ ಆಧಾರ ಇತ್ತು. ಜಾನ್ ಬನಿಯನ್ ಅನ್ನವ ಇಂಗ್ಲೆಂಡಿನಾಗ ಒಡದ ಪಾತ್ರೆ ರಿಪೇರಿ ಮಾಡೂ ಕಸಬಿನವ. ಸರ್ಕಾರದ ಅಪ್ಪಣಿ ಇಲ್ಲದ ಪ್ರಸಂಗ ಮಾಡಿದ ಅಂತ ಅವನ್ನ 1660ರಾಗ ಹಿಡದು ಸುಮಾರು 12 ವರ್ಷ ಜೇಲಿನ್ಯಾಗ ಇಟ್ರು. ಅವನ ಪುಸ್ತಕ ಬಂದಿದ್ದು 1678ರಾಗ. ಬಾಸೆಲ್ ಮಿಶನ್ನಿನ ವೈಗ್ಲೆ ಅವರು ಅದನ್ನ 1840ರ ದಶಕದಾಗ 'ಯಾತ್ರಿಕನ ಸಂಚಾರ' ಅಂತ ಕನ್ನಡಕ್ಕ ತಂದ್ರು. ಇಂಗ್ಲಿಷಿನಿಂದ ಕನ್ನಡಕ್ಕ ಬಂದ ಮೊದಮೊದಲಿನ ಕಥಿಗಳಾಗ ಅದೂ ಒಂದು.

ಕಥಿ ಸರಳ ಐತಿ. ಬೆನ್ನಮ್ಯಾಲ ಪಾಪದ ಹೊರಿ ಹೊತ್ತ ಒಬ್ಬಾಂವ ಊರು ಬಿಟ್ಟು ಹೊಂಡತಾನ. ಕೆಸರಿನಾಗ ಬೀಳತಾನ, ಗುಡ್ಡಾ ಏರತಾನ, ಶಿಲುಬಿ ಮುಂದ ಅವನ ಹೊರಿ ತಾನಾಗೇ ಕಳಚಿ ಬೀಳತೈತಿ. ಆದ್ರ ಹೊಂಡೂ ಹೊತ್ತಿನಾಗ ಹೇಣ್ತಿ ಮಕ್ಕಳು ಹಿಂದಿಂದ ಕರದ್ರ, ಅಂವ ಕಿವ್ಯಾಗ ಬೆರಳ ಇಟಗೊಂಡು ಓಡತಾನ. ಇಲ್ಲಿಗೆ ಬಂದಾಗೊಮ್ಮೆ ನಮ್ಮವ್ವ, "ಇಂವ ಸ್ವರ್ಗಕ್ಕ ಓಡಿದ, ಹುಡುಗರ ಹೊಟ್ಟಿಗೆ ಯಾರು ನೋಡಬೇಕು?" ಅಂತಿದ್ಲು.

ಅವ್ವನ ಪ್ರಶ್ನಿಗೆ ಬನಿಯನ್ನೇ ಉತ್ತರ ಬರದಾನ. 1684ರಾಗ ಎರಡನೇ ಭಾಗ ಬಂತು. ಅದರಾಗ ಆ ಹೇಣ್ತಿ ನಾಕು ಗಂಡುಮಕ್ಕಳನ್ನ ಕರಕೊಂಡು, ನೆರಿಮನಿ ಹುಡುಗಿನ್ನೂ ಜೋಡಿ ಮಾಡಕೊಂಡು ಅದೇ ದಾರಿ ಹಿಡಿತಾಳ. ಹುಡುಗರ ಸಲುವಾಗಿ ಎಲ್ಲಾರೂ ಸಾವಕಾಶ ನಡಿತಾರ. ಒಬ್ಬಾಂವ ಹುಡುಗ ಕಂಡಿದ್ದೆಲ್ಲಾ ತಿಂದು ಹೊಟ್ಟಿನೋವು ತರಿಸಕೊಂತಾನ, ವೈದ್ಯ ಬರತಾನ. ಒಂದು ಛತ್ರದಾಗ ತಿಂಗಳಗಟ್ಟಲೆ ಉಳಿತಾರ, ಅಲ್ಲೇ ಮದುವಿನೂ ಆಗತಾವ. ಓದಿದ್ರ ನಮ್ಮ ಮನಿ ಸುದ್ದೀನ ಓದಿಧಂಗ ಆಗತೈತಿ.

ನಮ್ಮವ್ವ ಗುಳೇದಗುಡ್ಡದಾಕಿ. 1851ರಾಗ ಬಾಸೆಲ್ ಮಿಶನ್ನಿನವರು ಅಲ್ಲಿ ಠಾಣೆ ಮಾಡಿದ್ರು. ಖಣ ನೇಯೂ ಊರು ಅದು. ಇಳಕಲ್ಲ ಸೀರಿ ಉಟ್ರ ಗುಳೇದಗುಡ್ಡ ಖಣದ ಕುಪ್ಪಸ ಬೇಕು ಅಂತ ನಮ್ಮ ಕಡೆ ರೂಢಿ. ಅವ್ವನ ತವರಮನಿಯವರೂ ಮಗ್ಗದ ಮಂದಿನೇ. ಹೊಸ ನಂಬಿಕಿ ಹಿಡದ್ರೂ ಮಗ್ಗದ ಕುಣಿಯಿಂದ ಕಾಲು ಮ್ಯಾಲ ತಗೀಲಿಲ್ಲ. ಮುಂಜಾನೆ ಪ್ರಾರ್ಥನಿ, ಆಮ್ಯಾಲ ಲಾಳಿ. ಯಾತ್ರಿಕರು ಅಂತ ಅವರು ಎಲ್ಲಿಗೂ ಹೋದವರಲ್ಲ.

ಅದೇ ಪುಸ್ತಕದಾಗ ಮಾಯಾಸಂತಿ ಅಂತ ಒಂದು ಪ್ಯಾಟಿ ಬರತೈತಿ. ಯಾತ್ರಿಕರು ಅಲ್ಲಿ ಏನೂ ಕೊಳ್ಳೂದಿಲ್ಲ. ನಮ್ಮ ಭಾನುವಾರದ ಶಾಲಿ ಟೀಚರ್ ಅದನ್ನ ಬಾದಾಮಿ ಬನಶಂಕರಿ ಜಾತ್ರಿಗೆ ಹೋಲಿಸಿ ಹೇಳತಿದ್ರು. ಬನದ ಹುಣ್ಣಿವಿಗೆ ತೇರು, ತಿಂಗಳಗಟ್ಟಲೆ ನಾಟಕ ಕಂಪನಿ, ಮತ್ತ ಕಟಗಿ ಬಾಗಲಾ ಚೌಕಟ್ಟು ಮಾರೂ ದೊಡ್ಡ ಸಾಲು. ಕೇಳಿ ನಾವು ಹುಡುಗರು ಒಬ್ಬರ ಮುಖ ಒಬ್ಬರು ನೋಡತಿದ್ವಿ. ಯಾಕಂದ್ರ ನಮ್ಮ ಮನಿ ತಲಬಾಗಲಾ ಅದೇ ಜಾತ್ರ್ಯಾಗ ಅಪ್ಪಾ ಚೌಕಾಸಿ ಮಾಡಿ ಚಕ್ಕಡಿ ಮ್ಯಾಲ ಹೇರಕೊಂಡು ಬಂದಿದ್ದು. ಆ ಬಾಗಲದಾಗ ನಿಂತು ಅಪ್ಪಾ ಹಸದು ಬಂದ ಯಾರನ್ನೂ ಹಂಗ ಕಳಿಸಿದ್ದಿಲ್ಲ.

ಆ ಮನಿ ಘಟಪ್ರಭಾ ದಂಡಿ ಕಡೆ ಒಂದು ಹಳ್ಳ್ಯಾಗ ಐತಿ. ನಮ್ಮ ಕಡೆಯವರಿಗೆ ಮುಂದಿಂದು ಹೇಳೂದು ಬ್ಯಾಡ. ಆಲಮಟ್ಟಿ ಆಣೆಕಟ್ಟಿಗೆ 1964ರಾಗ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ರು. 519.60 ಮೀಟರಿಗೆ ನೀರು ನಿಂತಾಗ ಹಳೇ ಬಾಗಲಕೋಟಿಯ ತಗ್ಗಿನ ಭಾಗ ಹೋತು, ನವನಗರ ಬಂತು. ಹುನಗುಂದ ಸೀಮಿಯ ಕೂಡಲಸಂಗಮದಾಗ ಬಸವಣ್ಣನ ಐಕ್ಯ ಮಂಟಪದ ಸುತ್ತ ಗೋಡಿ ಕಟ್ಟಿ ಉಳಿಸಿದ್ರು. ಈಗ ನೀರಿನ ನಡುವ ಮೆಟ್ಟಲ ಇಳದು ದರ್ಶನ ಮಾಡಬೇಕು. ಎಲ್ಲಾರ ಮನಿಗೂ ಹಂಗ ಗೋಡಿ ಕಟ್ಟಾಕ ಬರೂದಿಲ್ಲಲ್ರಿ. 2010ರಾಗ ನ್ಯಾಯಾಧಿಕರಣ 524.256 ಮೀಟರಿಗೆ ಒಪ್ಪಿಗಿ ಕೊಟ್ತು. ಅವತ್ತಿನಿಂದ ನಮ್ಮ ತವರಮನಿ ಇವತ್ತು ಹೋಗತೈತೋ ನಾಳೆ ಹೋಗತೈತೋ ಅನ್ನೂ ಮನಿ.

ಇಂಥಾ ಊರಿನಾಗ ಏನಾಗತೈತಿ ಅಂದ್ರ, ಯಾರೂ ಮನಿ ರಿಪೇರಿ ಮಾಡಸೂದಿಲ್ಲ. ಬಿರಕು ಬಿಟ್ರ ಬಿಡ್ಲಿ, ಸೋರಿದ್ರ ಬುಟ್ಟಿ ಇಟ್ರಾತು. ಹೆಂಗೂ ಮುಳುಗೂದು. ಹಿಂಗ ಅನಕೋತ ಮಂದಿ ವರ್ಷಾನುಗಟ್ಟಲೆ ಸೋರೂ ಮನ್ಯಾಗ ಮಕ್ಕಳನ್ನ ಬೆಳಸ್ಯಾರ.

ಹೋದ ಬ್ಯಾಸಗಿಯಾಗ ಅವ್ವ ಮ್ಯಾಲ್ಮುದ್ದಿಗೆ ಹೊಸ ಮಣ್ಣು ಹಾಕಸಬೇಕು ಅಂತ ಹಟಾ ಹಿಡದ್ಲು. ತಮ್ಮಗ ಸಿಟ್ಟು ಬಂತು. "ಅಕ್ಕಾ, ನೀನರ ಹೇಳ. ಮುಳುಗೂ ಮನಿಗೆ ಯಾರರ ರೊಕ್ಕಾ ಸುರೀತಾರೇನು? ಯಾತ್ರಿಕರು, ಯಾತ್ರಿಕರು ಅಂತ ದಿನಾ ಪ್ರಾರ್ಥನಿ ಮಾಡಾಕಿ ಇಕಿನ ಅಲ್ಲಾ?" ಅಂದ. ಅಂವಗೂ ಎರಡು ಹುಡುಗರ ಫೀ ಕಟ್ಟೂದಿತ್ತು. ಅವನ ಮಾತು ಸುಳ್ಳಲ್ಲ.

ಅವ್ವ ಅಕ್ಕಿ ಹಸನ ಮಾಡಕೋತ ಕುಂತಿದ್ಲು. ತಲಿ ಎತ್ತಲಿಲ್ಲ. "ನಾನೂ ಇವತ್ತೋ ನಾಳೆನೋ ಹೋಗಾಕಿನ ಅದೀನಿ. ಹಂಗಂತ ನೀ ನನಗ ಊಟಾ ಹಾಕೂದು ಬಿಟ್ಟೀಯೇನು?" ಅಂದ್ಲು.

ತಮ್ಮ ಸುಮ್ಮನಾದ. ನಾನೂ ಸುಮ್ಮನಾದೆ.

ಆಮ್ಯಾಲ ಸತ್ಯವೇದದಾಗ ಯೆರೆಮೀಯನ ಪತ್ರ ನೆನಪಾತು. ಬಾಬಿಲೋನಿಗೆ ಸೆರಿ ಹೋದ ತನ್ನ ಮಂದಿಗೆ ಅಂವ ಬರದಿದ್ದು. ಅವರೂ ಒಂದಿನ ತಿರುಗಿ ಹೋಗವರೇ. ಆದ್ರೂ ಅಂವ ಅವರಿಗೆ ಗಂಟು ಕಟಗೊಂಡು ಕುಂಡ್ರ್ರಿ ಅನ್ನಲಿಲ್ಲ. ಮನಿ ಕಟ್ರಿ, ತ್ವಾಟಾ ಹಾಕ್ರಿ, ಮಕ್ಕಳ ಮದುವಿ ಮಾಡ್ರಿ, ಇದ್ದ ಊರಿನ ಒಳ್ಳೇದಕ್ಕ ಪ್ರಾರ್ಥನಿ ಮಾಡ್ರಿ ಅಂದ. ಹೋಗವರು ಅನ್ನೂದು ಹಾಳು ಬಿಡಾಕ ನೆವ ಅಲ್ಲ. ಯಾತ್ರಿಕ ಅಂದ್ರ ಮನಿ ಮ್ಯಾಲ ಮೋಹ ಇಲ್ಲದಾಂವ, ಖರೆ. ಆದ್ರ ಇಳಕೊಂಡ ಜಾಗಾ ಸ್ವಚ್ಛ ಇಡಾಂವನೂ ಅವನೇ. ತನ್ನ ಹಿಂದ ಮತ್ತೊಬ್ಬ ಯಾತ್ರಿಕ ಬರತಾನ ಅಂತ ಅಂವಗ ಗೊತ್ತಿರತೈತಿ.

ನನ್ನ ಪ್ರಶ್ನಿಗೆ ಅಲ್ಲೇ ಉತ್ತರ ಸಿಕ್ಕಧಂಗಾತು. ಹೆಂಚಿನ ಮುಂದ ಕುಂತಾಕಿನೂ ನಡದಾಳ. ದೇವರು ಇವತ್ತು ಇಳಿಸಿದ ಛತ್ರ ಇದು, ಇವತ್ತಿನ ರೊಟ್ಟಿ ಚಂದಂಗ ಆಗಲಿ ಅನ್ನೂದೇ ಆಕಿಯ ಹೆಜ್ಜಿ.

ಖರ್ಚು ಅರ್ಧಾ ನಾ ಕೊಟ್ಟೆ, ಅರ್ಧಾ ತಮ್ಮ ಹಾಕಿದ. ಮಳಿಗಿಂತ ಮುಂಚೆ ಮಣ್ಣು ಬಿತ್ತು, ಈ ವರ್ಷ ಮನಿ ಸೋರಲಿಲ್ಲ. ಊರು ಬಿಡೂ ದಿನಾ ಬಂದ್ರ ತಲಬಾಗಲದ ಚೌಕಟ್ಟು ಅಷ್ಟು ಕಿತಗೊಂಡು ಒಯ್ಯಬೇಕು ಅಂತ ಅವ್ವ ಈಗಾಗಲೇ ಬಡಿಗ್ಯಾಗ ಹೇಳಿ ಇಟ್ಟಾಳ. ತಮ್ಮನ ದೊಡ್ಡ ಮಗಾ ಅದರ ಅಳತಿ ತಗದು ನೋಟಬುಕ್ಕಿನ್ಯಾಗ ಬರಕೊಂಡಾನ.